ಕೊನೆ ಬೀದಿಗೆ ಐದು ನಿಮಿಷ

ಮಾರ್ಚ್ 4, ಮಂಗಳವಾರ

ಈ ನೋಟ್‌ಬುಕ್ ತಂದದ್ದು ವಾಲ್ವ್‌ಗಳ ವಿವರ ಬರೆದಿಟ್ಟುಕೊಳ್ಳಲು. ಮೊದಲ ಪುಟದಲ್ಲೇ ಹೊಟ್ಟೆಯೊಳಗಿನ ಸಿಟ್ಟು ಕಕ್ಕಲು ಕೂತಿದ್ದೇನೆ. ಇರಲಿ, ಓದುವವರು ಯಾರಿದ್ದಾರೆ.

ಮುದುಕರಿಗೆ ಲಕ್ವ ಹೊಡೆದು ಇವತ್ತಿಗೆ ಆರು ದಿನ. ಟ್ಯಾಂಕಿನ ಬುಡದಲ್ಲಿ ವಾಲ್ವ್ ತಿರುಗಿಸುವ ಕೀಲಿ ಹಿಡಿದುಕೊಂಡೇ ಕುಸಿದಿದ್ದರಂತೆ. ಬಲಗೈ, ಬಲಗಾಲು, ಮಾತು ಮೂರೂ ಹೋಗಿವೆ. ಸಿಟಿ ಆಸ್ಪತ್ರೆಯಲ್ಲಿದ್ದಾರೆ. ಮೂವತ್ತೊಂದು ವರ್ಷ ಈ ಊರಿಗೆ ನೀರು ಬಿಟ್ಟ ಮನುಷ್ಯ, ನನ್ನ ಗಂಡನ ತಂದೆ. ಊರಿನಲ್ಲಿರುವುದು ಹನ್ನೊಂದು ವಾಲ್ವ್. ಯಾವುದನ್ನು ಎಷ್ಟು ಸುತ್ತು ತಿರುಗಿಸಬೇಕು, ಯಾವುದು ಮೊದಲು, ಯಾವುದು ಆಮೇಲೆ, ಎಲ್ಲ ಅವರ ತಲೆಯೊಳಗೆ. ಒಂದು ಚೀಟಿಯಲ್ಲೂ ಬರೆದಿಟ್ಟಿಲ್ಲ.

ಈ ಆರು ದಿನ ಕಚೇರಿಯವರು ಕಳಿಸಿದ ಯಾವನೋ ಒಬ್ಬ ಹೊಸ ಬಡಾವಣೆಗೆ ದಿನಕ್ಕೆರಡು ಸಲ ನೀರು ಬಿಟ್ಟು, ನಡುಬೀದಿಯನ್ನು ಒಣಗಿಸಿ, ನಾಲ್ಕನೇ ದಿನ ಬಾರದೆ ಕೈಕೊಟ್ಟ. ಇವತ್ತು ನೀರಿನ ಕಚೇರಿಯ ಗುಮಾಸ್ತರು ಮನೆಗೇ ಬಂದರು. ನನ್ನ ಗಂಡ, ಇವರು, ಸಿಟಿಯ ಪ್ರೆಸ್ಸಿನ ಕೆಲಸಕ್ಕೆ ಆರೂವರೆ ಬಸ್ಸಿಗೆ ಹೋಗಲೇಬೇಕು. ಉಳಿದವಳು ನಾನು. ನೀರುಗಂಟಿ ಮನೆಯವರೇ ಯಾರಾದರೂ ಕೀಲಿ ಹಿಡಿದರೆ ಜನ ಸುಮ್ಮನಿರುತ್ತಾರೆ, ಅವರು ಎದ್ದು ಬರುವ ತನಕ ಸಾಕು ಎಂದರು ಗುಮಾಸ್ತರು. ನಾನು ಒಂದೇ ಮಾತಿಗೆ ಒಪ್ಪಿಕೊಂಡಿದ್ದು ನೋಡಿ ಇವರಿಗೆ ಆಶ್ಚರ್ಯ. ಆ ಕೀಲಿ ಒಂದು ಸಲ ನನ್ನ ಕೈಗೆ ಬರಲಿ ಎಂದು ಎಷ್ಟು ವರ್ಷದಿಂದ ಹಲ್ಲು ಕಚ್ಚಿಕೊಂಡಿದ್ದೇನೆ ಎಂದು ಇವರಿಗೇನು ಗೊತ್ತು.

ಮಾರ್ಚ್ 5, ಬುಧವಾರ

ಐದು ಗಂಟೆಗೆ ಗುಡ್ಡ ಹತ್ತಿದೆ. ಟ್ಯಾಂಕ್ ಇರುವುದು ಗುಡ್ಡದ ನೆತ್ತಿಯಲ್ಲಿ. ಅಲ್ಲಿಂದ ನೋಡಿದರೆ ಊರು ಇಷ್ಟೇನಾ ಅನ್ನಿಸುತ್ತದೆ. ಒಂದು ಕಡೆ ಹೆದ್ದಾರಿ, ಅದರ ತುದಿಗೆ ಸಿಟಿಯ ದೀಪಗಳು. ಇನ್ನೊಂದು ಕಡೆ ಹೊಲ, ಇಟ್ಟಿಗೆ ಗೂಡು, ಕಲ್ಲು ನೆಟ್ಟು ಬಿಟ್ಟ ಖಾಲಿ ಸೈಟುಗಳು. ನಮ್ಮದು ಅತ್ತ ಹಳ್ಳಿಯೂ ಅಲ್ಲ, ಇತ್ತ ಸಿಟಿಯೂ ಅಲ್ಲ. ಬಸ್ಸಿನಲ್ಲಿ ನಲವತ್ತು ನಿಮಿಷ. ಏಳು ಗಂಟೆಯೊಳಗೆ ಊರಿನ ಗಂಡಸರೆಲ್ಲ, ಅರ್ಧಕ್ಕರ್ಧ ಹೆಂಗಸರು ಬಸ್ಸು ಹತ್ತಿ ಖಾಲಿ. ಅದಕ್ಕೇ ನೀರು ಅಷ್ಟು ಬೇಗ ಬಿಡಬೇಕು.

ಟ್ಯಾಂಕಿನಿಂದ ಹೊರಟ ಹಳೇ ಪೈಪು ಮೇಲಿನ ಬೀದಿಯ ಉದ್ದಕ್ಕೂ ಚರಂಡಿಯ ಪಕ್ಕದಲ್ಲೇ ಇಳಿಯುತ್ತದೆ. ಆಮೇಲೆ ನಡುಬೀದಿ, ಬಸ್‌ಸ್ಟಾಂಡ್, ಹೊಸ ಬಡಾವಣೆ. ಎಲ್ಲರದೂ ಮುಗಿದ ಮೇಲೆ ತಳದಲ್ಲಿ ನಮ್ಮ ಬೀದಿ. ಹೆಸರೇ ಕೊನೆ ಬೀದಿ. ನಮ್ಮ ಸರದಿ ಬರುವ ಹೊತ್ತಿಗೆ ಟ್ಯಾಂಕಿನಲ್ಲಿ ತಳ ಕಾಣುತ್ತಿರುತ್ತದೆ. ಹನ್ನೆರಡು ನಿಮಿಷ ನೀರು, ಇಪ್ಪತ್ತಾರು ಮನೆ.

ಕೀಲಿ ಅಂದರೆ ನನ್ನೆದೆಯೆತ್ತರದ ಕಬ್ಬಿಣದ ಸರಳು. ಅಂಗೈ ಎರಡೂ ಬೊಬ್ಬೆ.

ಮಾರ್ಚ್ 8, ಶನಿವಾರ

ಮೂರು ದಿನ ಬೈಗುಳ ತಿಂದದ್ದೇ ತಿಂದದ್ದು. ನಡುಬೀದಿಯವರಿಗೆ ಹೆಚ್ಚಾಯಿತು, ಬಡಾವಣೆಯವರಿಗೆ ಕಡಿಮೆಯಾಯಿತು. ಮೇಲಿನ ಬೀದಿಯಲ್ಲಿ ರಿಟೈರಾದ ಹೆಡ್ ಮಿಸ್ ಒಬ್ಬರಿದ್ದಾರೆ, ಗೇಟಿನಲ್ಲೇ ಗಡಿಯಾರ ಹಿಡಿದು ನಿಂತಿರುತ್ತಾರೆ. ನಾಲ್ಕು ನಿಮಿಷ ಲೇಟು ಎಂದು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸುವುದೊಂದು ಬಾಕಿ.

ಬೇರೆ ದಾರಿ ಕಾಣದೆ ಕ್ಯಾಲೆಂಡರಿನ ಹಾಳೆ ಹರಿದು, ಹಿಂಬದಿಯಲ್ಲಿ ಊರಿನ ನಕ್ಷೆ ಬರೆದುಕೊಂಡು ಹತ್ತೂವರೆ ಬಸ್ಸಿಗೆ ಆಸ್ಪತ್ರೆಗೆ ಹೋದೆ. ಹನ್ನೆರಡರಿಂದ ಒಂದರ ತನಕ ಒಬ್ಬರಿಗೆ ಒಳಗೆ ಬಿಡುತ್ತಾರೆ. ಮುದುಕರು ಗೋಡೆ ಕಡೆ ನೋಡುತ್ತಿದ್ದರು. ಬಾಯಿ ಒಂದು ಪಕ್ಕಕ್ಕೆ ಎಳೆದುಕೊಂಡಿದೆ. ಹೇಗಿದ್ದೀರಿ ಎಂದು ನಾನು ಕೇಳಲಿಲ್ಲ. ನಕ್ಷೆಯನ್ನು ಎದೆಯ ಮೇಲೆ ಹರಡಿ, ನಡುಬೀದಿಗೆ ಎಷ್ಟು ಸುತ್ತು ಎಂದೆ.

ಎಡಗೈ ಎತ್ತಿದರು. ನಾಲ್ಕು ಬೆರಳು. ಆಮೇಲೆ ಅರ್ಧ ಬೆರಳು ಮಡಿಸಿ ತೋರಿಸಿದರು, ನಾಲ್ಕೂವರೆ. ಬಸ್‌ಸ್ಟಾಂಡಿನ ಹತ್ತಿರ ನಾನು ವಾಲ್ವ್ ಬರೆದಿದ್ದ ಜಾಗ ತಪ್ಪಾಗಿತ್ತು. ಉಗುರಿನಿಂದ ಗೀರಿ ರಸ್ತೆಯ ಆಚೆ ಬದಿ ಎಂದು ತೋರಿಸಿದರು. ಮಾತು ಹೋಗಿದ್ದರೂ ತಪ್ಪು ಹಿಡಿಯುವುದು ಹೋಗಿಲ್ಲ. ಕೊನೆಗೆ ಮುಚ್ಚುವ ಕ್ರಮ ಕೇಳಿದೆ. ಮೊದಲು ನಮ್ಮ ಬೀದಿಯ ವಾಲ್ವ್ ಮೇಲೆ ಬೆರಳಿಟ್ಟು ಒತ್ತಿದರು, ಆಮೇಲೆ ಟ್ಯಾಂಕಿನ ಮೇಲೆ. ಮತ್ತೆ ಅದೇ. ಮತ್ತೆ ಅದೇ. ನಮ್ಮ ಬೀದಿಯೇ ಮೊದಲು ಮುಚ್ಚಬೇಕು, ಟ್ಯಾಂಕಿನಲ್ಲಿ ಇನ್ನೂ ಸ್ವಲ್ಪ ನೀರಿದ್ದಾಗಲೇ. ಅದೇ ಹಳೇ ಹಠ. ಸಾಯಲು ಮಲಗಿದರೂ ಸ್ವಂತ ಬೀದಿಗೆ ಒಂದು ನಿಮಿಷ ಬಿಡಲಾರದ ಮನುಷ್ಯ.

ಮಾರ್ಚ್ 11, ಮಂಗಳವಾರ

ಬರೆದೇ ಬಿಡುತ್ತೇನೆ. ಆರು ವರ್ಷವಾಯಿತು.

ನನಗೆ ಆಗ ನಾಲ್ಕು ತಿಂಗಳು. ಹನ್ನೆರಡು ನಿಮಿಷದ ನೀರು ಮನೆಗೆ ಸಾಲುತ್ತಿರಲಿಲ್ಲ, ದಿನಾ ಬಸ್‌ಸ್ಟಾಂಡಿನ ಬೋರಿನಿಂದ ಎರಡು ಕೊಡ ಹೊತ್ತು ತರುತ್ತಿದ್ದೆ. ಒಂದು ದಿನ ಧೈರ್ಯ ಮಾಡಿ, ಐದು ನಿಮಿಷ ಹೆಚ್ಚಿಗೆ ಬಿಡಿ ಮಾವ ಎಂದು ಕೇಳಿದೆ. "ಆಗಲ್ಲಮ್ಮ" ಎಂದರು. ಯಾಕೆ ಅನ್ನಲಿಲ್ಲ, ಏನು ಅನ್ನಲಿಲ್ಲ. ಟವೆಲ್ ಹೆಗಲಿಗೆ ಹಾಕಿಕೊಂಡು ಹೋದರು. ಅದಾದ ಒಂಬತ್ತನೇ ದಿನ, ಎರಡನೇ ಕೊಡ ಹೊತ್ತು ಬರುವಾಗ ಹೊಟ್ಟೆ ಹಿಂಡಿಕೊಂಡು ಬಂತು. ಸಂಜೆಯೊಳಗೆ ಎಲ್ಲ ಮುಗಿಯಿತು.

ಭಾರ ಹೊತ್ತದ್ದೇ ಕಾರಣ ಎಂದು ಹೇಳಲಾಗದು ಎಂದರು ಡಾಕ್ಟರಮ್ಮ. ಇರಬಹುದು. ಆಮೇಲೆ ನನಗೆ ಇನ್ನೊಂದು ಬಸಿರು ನಿಲ್ಲಲಿಲ್ಲ. ಆ ಸಂಜೆಯಿಂದ ನಾನು ಆ ಮನುಷ್ಯನನ್ನು ಮಾವ ಎಂದು ಕರೆದಿಲ್ಲ. ಊಟಕ್ಕಿಡುತ್ತೇನೆ, ಬಟ್ಟೆ ಒಗೆಯುತ್ತೇನೆ, ಅಷ್ಟೆ. ಅವರಿಗೆ ಗೊತ್ತಾಯಿತೋ ಇಲ್ಲವೋ. ಇವರಿಗಂತೂ ಗೊತ್ತಿಲ್ಲ. ಯಾಕೆ ಆಗಲ್ಲ ಎಂದು ಅವರ ಬಾಯಿಂದ ಕೇಳಬೇಕಿತ್ತು. ಈಗ ಬಾಯಿಯೇ ಇಲ್ಲ.

ಮಾರ್ಚ್ 15, ಶನಿವಾರ

ಕೆಲಸ ಕೈಗೆ ಹತ್ತಿದೆ. ಹೆಡ್ ಮಿಸ್ ಇವತ್ತು ಗಡಿಯಾರ ನೋಡಿ, ಏನೂ ಅನ್ನದೆ ಒಳಗೆ ಹೋದರು. ನೀರು ಬರುವಾಗ ಕೀಲಿಗೆ ಒಂದು ನಡುಕ ಬರುತ್ತದೆ, ಅದರಲ್ಲೇ ಎಷ್ಟು ರಭಸ ಎಂದು ಗೊತ್ತಾಗುತ್ತದೆ.

ಎದುರು ಮನೆಯ ದರ್ಜಿಯ ಸೊಸೆಗೆ ಆರು ತಿಂಗಳು. ಇವತ್ತು ಬೋರಿನಿಂದ ಕೊಡ ಹೊತ್ತು ಬರುತ್ತಿದ್ದಳು. ನಾನು ಓಡಿ ಹೋದೆ. ಕೊಡ ಕಿತ್ತುಕೊಂಡು ಅವಳ ಮನೆಗೆ ಹೊತ್ತು ಹಾಕಿದೆ. "ಅಕ್ಕಾ, ನೀವೇ ತಾನೇ ನೀರು ಬಿಡೋದು, ಒಂದೈದು ನಿಮಿಷ ಜಾಸ್ತಿ ಬಿಡಿ" ಎಂದಳು. ನಗುತ್ತಲೇ ಅಂದದ್ದು.

ಮನೆಗೆ ಬಂದು ಯೋಚಿಸಿದೆ. ನಮ್ಮ ವಾಲ್ವ್ ಮುಚ್ಚಿದ ಮೇಲೂ ಗುಡ್ಡದಿಂದ ಇಲ್ಲಿಯ ತನಕ ಪೈಪಿನ ತುಂಬ ನೀರು ಸುಮ್ಮನೆ ನಿಂತಿರುತ್ತದೆ. ಟ್ಯಾಂಕನ್ನು ಮೊದಲು ಮುಚ್ಚಿ, ನಮ್ಮ ವಾಲ್ವನ್ನು ಹಾಗೇ ಬಿಟ್ಟರೆ ಆ ನೀರೆಲ್ಲ ಇಳಿದು ನಮ್ಮ ನಲ್ಲಿಗೇ ಬರುತ್ತದೆ. ಐದಾರು ನಿಮಿಷಕ್ಕಾಗುವಷ್ಟು. ಯಾರ ಪಾಲೂ ಕದ್ದ ಹಾಗಲ್ಲ. ಮೂವತ್ತೊಂದು ವರ್ಷ ಇಷ್ಟು ಸಣ್ಣ ವಿಷಯ ಆ ತಲೆಗೆ ಹೊಳೆಯಲಿಲ್ಲವೇ? ಹೊಳೆದೂ ಮಾಡಲಿಲ್ಲವೇ?

ಮಾರ್ಚ್ 16, ಭಾನುವಾರ

ಮಾಡಿದೆ. ಏಳು ನಿಮಿಷ ಹೆಚ್ಚಿಗೆ ಬಂತು. ಬೀದಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತರು. ದರ್ಜಿಯ ಸೊಸೆ ಅಂಗಳಕ್ಕೂ ನೀರು ಹಾಕಿದಳು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಇಷ್ಟೇ ಇಷ್ಟು. ಏಳೇ ಏಳು ನಿಮಿಷ.

ಮಾರ್ಚ್ 18, ಮಂಗಳವಾರ

ಆಸ್ಪತ್ರೆಗೆ ಹೋದದ್ದು ಇದನ್ನು ಹೇಳಲೆಂದೇ. ಹಂಗಿಸಿ ಹೇಳಬೇಕೆಂದು ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಎದುರಿಗೆ ಕೂತಾಗ ಮೊದಲು ಅವರ ಬಾಯಂಚು ಒರೆಸಬೇಕಾಯಿತು. ನರ್ಸು ಬೇರೆ ಯಾರಿಗೋ ಸೂಜಿ ಹಾಕುತ್ತಿದ್ದಳು.

ಆಮೇಲೆ ಹೇಳಿದೆ. ಟ್ಯಾಂಕ್ ಮೊದಲು ಮುಚ್ಚಿದೆ, ನಮ್ಮ ಬೀದಿಗೆ ಏಳು ನಿಮಿಷ ಹೆಚ್ಚಿಗೆ ಬಂತು ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಲಿಲ್ಲ. "ಅವತ್ತು ನೀವು ಇಷ್ಟು ಮಾಡಿದ್ರೆ ನನ್ನ ಮಗು ಇರ್ತಿತ್ತು. ಈಗ ಒಂದನೇ ಕ್ಲಾಸಿಗೆ ಹೋಗ್ತಿತ್ತು" ಎಂದೆ. ಪಕ್ಕದ ಮಂಚದವರು ತಿರುಗಿ ನೋಡಿದರು.

ಮುದುಕರು ಮುಷ್ಟಿ ಕಟ್ಟಿ ಹಾಸಿಗೆ ಕುಟ್ಟತೊಡಗಿದರು. ನಕ್ಷೆ ಬೇಕೆಂದು ಕೈ ಮಾಡಿದರು, ಕೊಟ್ಟೆ. ಮೇಲಿನ ಬೀದಿಯ ಮೇಲೆ ಬೆರಳಿಟ್ಟು ಕಾಗದ ಹರಿಯುವಷ್ಟು ಕುಟ್ಟಿದರು. ಆ, ಆ ಎಂದು ಗಂಟಲಲ್ಲಿ ಸದ್ದು. ನರ್ಸು ಓಡಿ ಬಂದು ನನ್ನನ್ನೇ ಗದರಿ ಹೊರಗೆ ಕಳಿಸಿದಳು. ನಾನು ಮಗುವಿನ ಮಾತಾಡಿದರೆ ಈ ಮನುಷ್ಯನಿಗೆ ಮೇಲಿನ ಬೀದಿಯ ಚಿಂತೆ.

ಮಾರ್ಚ್ 22, ಶನಿವಾರ

ಮೇಲಿನ ಬೀದಿಯವರ ಹೊಸ ತಕರಾರು: ನೀರು ಮೊದಲ ಐದು ನಿಮಿಷ ವಾಸನೆ ಬರುತ್ತದಂತೆ. ಹೆಡ್ ಮಿಸ್ ಲೋಟದಲ್ಲಿ ಹಿಡಿದು ತೋರಿಸಿದರು, ನನಗೇನೂ ಕಾಣಲಿಲ್ಲ. ಕೊನೆ ಬೀದಿಗೆ ನಾಲ್ಕು ಹನಿ ಹೆಚ್ಚಿಗೆ ಬಿದ್ದದ್ದು ಇವರ ಮೂಗಿಗೆ ಹೇಗೆ ತಿಳಿಯಿತೋ ಎಂದುಕೊಂಡು ಬಂದೆ.

ಮಾರ್ಚ್ 24, ಸೋಮವಾರ

ಮೇಲಿನ ಬೀದಿಯಲ್ಲಿ ಹನ್ನೊಂದು ಜನಕ್ಕೆ ವಾಂತಿ ಭೇದಿ. ಹೆಡ್ ಮಿಸ್ ಅವರನ್ನು ಆಟೋದಲ್ಲಿ ಎತ್ತಿ ಹಾಕಿಕೊಂಡು ಸಿಟಿಗೆ ಒಯ್ದರು. ಗೇಟಿನ ಹತ್ತಿರ ಅವರ ಚಪ್ಪಲಿ ಬಿದ್ದಿತ್ತು.

ಕಚೇರಿಯವರು ಪೈಪು ರಿಪೇರಿ ಮಾಡುವವನನ್ನು ಕಳಿಸಿದರು. ಏನು ಕೆಟ್ಟರೂ ವಾಷರ್ ಹೋಗಿದೆ ಅನ್ನುವುದರಿಂದ ಊರಿಗೆಲ್ಲ ಅವನು ವಾಷರ್ ಮಾಮ. ಇವತ್ತು ವಾಷರ್ ಅನ್ನಲಿಲ್ಲ. ಚರಂಡಿ ಪಕ್ಕ ಅಗೆದು, ಬಿರುಕು ಬಿಟ್ಟ ಪೈಪಿನ ಕೀಲುಗಳನ್ನು ನೋಡಿ, ಮುಚ್ಚುವಾಗ ಯಾವುದನ್ನು ಮೊದಲು ಮುಚ್ಚುತ್ತೀ ಎಂದು ಕೇಳಿದ. ಹೇಳಿದೆ. ಅವನು ತಲೆ ಮೇಲೆ ಕೈ ಹೊತ್ತು ಅಲ್ಲೇ ಕೂತ.

"ಪೈಪಲ್ಲಿ ತುಂಬ ನೀರಿದ್ರೆ ಬಿರುಕಿಂದ ಹೊರಗೆ ಜಿನುಗುತ್ತೆ, ಒಳಗೇನೂ ಬರಲ್ಲ. ನೀನು ಕೆಳಗೆ ಖಾಲಿ ಮಾಡಿದ್ರೆ ಪೈಪು ಗಾಳಿ ಎಳ್ಕೊಳುತ್ತೆ ತಾಯಿ. ಗಾಳಿ ಜೊತೆ ಚರಂಡಿನೂ ಎಳ್ಕೊಳುತ್ತೆ. ನಿಮ್ಮ ಮಾವ ಅದಕ್ಕೇ ಕೆಳಗಿಂದು ಮೊದಲು ಮುಚ್ತಿದ್ರು. ಪೈಪು ಬದಲಾಯಿಸಿ ಅಂತ ಹತ್ತು ಸಲ ಅರ್ಜಿ ಕೊಟ್ಟಿದ್ರು, ಗೊತ್ತಿಲ್ವಾ ನಿಂಗೆ?"

ನನಗೆ ಗೊತ್ತಿರಲಿಲ್ಲ. ನನಗೆ ಏನೂ ಗೊತ್ತಿರಲಿಲ್ಲ. ನಕ್ಷೆಯ ಮೇಲೆ ಬೆರಳು ಕುಟ್ಟಿ ಕುಟ್ಟಿ ಹೇಳಿದ್ದು ಇದನ್ನೇ.

ಮಾರ್ಚ್ 25, ಮಂಗಳವಾರ

ಕ್ರಮ ಬದಲಾಯಿಸಿದೆ. ಹನ್ನೆರಡು ನಿಮಿಷ. ನಮ್ಮದು ಮೊದಲು, ಟ್ಯಾಂಕ್ ಆಮೇಲೆ.

ಮಾರ್ಚ್ 27, ಗುರುವಾರ

ಮೇಲಿನ ಬೀದಿಯ ಪ್ರತಿ ಮನೆಗೂ ಹೋಗಿ, ನನ್ನಿಂದಲೇ ಆದದ್ದು ಎಂದು ಹೇಳಿ ಬಂದೆ. ವಾಷರ್ ಮಾಮ ಬೇಡ ಎಂದಿದ್ದ, ಹಳೇ ಪೈಪಿನ ಮೇಲೆ ಹಾಕಿ ಸುಮ್ಮನಿರು ಎಂದಿದ್ದ. ಒಬ್ಬಳು ಬಾಗಿಲು ಮುಖಕ್ಕೆ ಬಡಿದಳು. ಒಬ್ಬ ಬಾಯಿಗೆ ಬಂದದ್ದೆಲ್ಲ ಅಂದ. ಅನ್ನಿಸಿಕೊಂಡೆ. ಹೆಡ್ ಮಿಸ್ ಬದುಕಿಕೊಂಡಿದ್ದಾರೆ, ಇನ್ನೂ ಏಳಲಾಗುತ್ತಿಲ್ಲ. ಅವರ ಮಗಳು ಎಲ್ಲ ಕೇಳಿಸಿಕೊಂಡು ಒಂದು ಲೋಟ ನೀರು ಕೊಟ್ಟಳು. ಕುದಿಸಿದ್ದು ಎಂದಳು. ಅದೊಂದು ಮಾತು ಎಲ್ಲ ಬೈಗುಳಕ್ಕಿಂತ ನಾಟಿತು.

ನಮ್ಮ ಬೀದಿಯವರಿಗೂ ಹೇಳಿದೆ. ಐದು ನಿಮಿಷ ಆಗುವುದಿಲ್ಲ ಎಂದೆ. ಯಾಕೆ ಆಗುವುದಿಲ್ಲ ಎಂದೂ ಹೇಳಿದೆ, ನಿಂತು, ಪೂರ್ತಿ ಹೇಳಿದೆ. ಮಾವನೂ ಹೀಗೆ ಎರಡು ಮಾತು ಬಿಡಿಸಿ ಹೇಳಿದ್ದರೆ ಆಗುತ್ತಿತ್ತು. ನಾನೂ ಮರುದಿನ ಇನ್ನೊಂದು ಸಲ ಕೇಳಬಹುದಿತ್ತು.

ದರ್ಜಿಯ ಸೊಸೆಗೆ ನಾನೇ ದಿನಾ ಎರಡು ಕೊಡ ತಂದು ಹಾಕುತ್ತೇನೆ. ಗುಡ್ಡ ಇಳಿದು ಬರುವಾಗ ಬೋರಿನ ಮೇಲೇ ದಾರಿ.

ಮಾರ್ಚ್ 29, ಶನಿವಾರ

ಹನ್ನೊಂದು ದಿನದ ಮೇಲೆ ಆಸ್ಪತ್ರೆಗೆ ಹೋದೆ. ಸಂಜೆ ಹೊತ್ತು ಇವರು ಹೋಗಿ ಬರುತ್ತಿದ್ದರು. ಎದೆಯಲ್ಲಿ ಕಫ ಕಟ್ಟಿದೆ, ದಿನದಿಂದ ದಿನಕ್ಕೆ ಇಳಿಯುತ್ತಿದ್ದಾರೆ ಎಂದು ಹೇಳುತ್ತಿದ್ದರು. ಹೇಗಿದ್ದೀರಿ ಮಾವ ಎಂದು ಕೇಳುವ ಮುಖ ನನಗಿರಲಿಲ್ಲ.

ಮಾವ ತುಂಬ ಸಣ್ಣಗಾಗಿದ್ದಾರೆ. ಕಾಲಿಗೆ ಎಣ್ಣೆ ತಿಕ್ಕಿದೆ, ಎಡಗೈ ಉಗುರು ಕತ್ತರಿಸಿದೆ. ಮೇಲಿನ ಬೀದಿಯ ವಿಷಯ ಹೇಳಲೇಬೇಕು ಎಂದು ಬಂದಿದ್ದೆ. ನೀವು ಹೇಳಿದ್ದು ನನಗೆ ಅರ್ಥವಾಗಲಿಲ್ಲ, ಹನ್ನೊಂದು ಜನ ಮಲಗಿದರು, ಈಗ ನಿಮ್ಮ ಹಾಗೇ ಮುಚ್ಚುತ್ತೇನೆ, ಎಂದೆಲ್ಲ. ಉಗುರು ಮುಗಿಯಲಿ ಎಂದು ಒಂದೊಂದೇ ಬೆರಳು ಮಾಡುತ್ತಾ ಕೂತೆ. ಹೇಡಿತನ.

ಕಿರುಬೆರಳಿಗೆ ಬಂದಾಗ ಆ ಕೈ ನನ್ನ ಮಣಿಕಟ್ಟು ಹಿಡಿದುಕೊಂಡಿತು. ತುಟಿ ಅಲ್ಲಾಡಿತು. ಮೂವತ್ತು ದಿನದಿಂದ ಡಾಕ್ಟರು, ಇವರು, ನರ್ಸು ಎಲ್ಲ ಕಾಯುತ್ತಿದ್ದ ಮಾತು. ಮೊದಲು ಬರೀ ಗಾಳಿ ಬಂತು. ಆಮೇಲೆ ಬಂತು.

"ತಪ್ಪಾಯ್ತು."

ಸ್ಪಷ್ಟವಾಗಿ. ನನ್ನ ಮುಖವನ್ನೇ ನೋಡಿಕೊಂಡು. ಆಮೇಲೆ ಆ ಕೈ ನನ್ನ ಮಣಿಕಟ್ಟು ಬಿಟ್ಟು, ನನ್ನ ಹೊಟ್ಟೆಯ ಕಡೆ ತೋರಿಸಿ, ಕೆಳಗೆ ಬಿತ್ತು. ಹನ್ನೊಂದು ದಿನ ಅದನ್ನೇ ಒತ್ತಿ ಒತ್ತಿ ಹೊರಗೆ ತರುತ್ತಿದ್ದರು ಅಂತ ಕಾಣುತ್ತದೆ.

ಆರು ವರ್ಷ ನನಗೆ ಆ ಮಾತು ಬೇಕಿತ್ತು. ಇವತ್ತು ಬೇಕಿರಲಿಲ್ಲ. ಇಲ್ಲ ಮಾವ, ನೀವು ಮಾಡಿದ್ದೇ ಸರಿ, ಅನ್ನಬೇಕು. ಅದನ್ನು ಬಿಟ್ಟು, ಕೆಳಗೆ ಬಿದ್ದ ಆ ಕೈ ಎತ್ತಿ ಹೊದಿಕೆಯೊಳಗೆ ಇಟ್ಟೆ. ಅಷ್ಟರಲ್ಲಿ ಒಂದು ಗಂಟೆಯ ಬೆಲ್ಲು ಹೊಡೆದು ಎಲ್ಲರನ್ನೂ ಎಬ್ಬಿಸಿದರು. ನಾಳೆ ಬಂದು ಹೇಳುತ್ತೇನೆ ಎಂದು ಮಾತ್ರ ಅಂದೆ. ಏನು ಹೇಳುತ್ತೇನೆ ಎಂದು ಅವರಿಗೆ ಹೇಗೆ ತಿಳಿಯಬೇಕು.

ಸಂಜೆ ಇವರು ಹೋದಾಗ ಮಾವ ನಿದ್ದೆಯಲ್ಲಿದ್ದರಂತೆ. ಮಾತು ಬಂದದ್ದನ್ನು ನಾನು ಇವರಿಗೆ ಹೇಳಲಿಲ್ಲ. ಹೇಳಿದರೆ ಯಾಕೆ ಹಾಗಂದರು ಎಂದು ಕೇಳುತ್ತಾರೆ.

ಮಾರ್ಚ್ 30, ಭಾನುವಾರ

ಮೇಲಿನ ಬೀದಿಯ ಪೈಪಿಗೆ ಔಷಧಿ ಹಾಕಿ ತೊಳೆಯುವ ಕೆಲಸ ಇವತ್ತೇ ಇಟ್ಟರು. ನಾನಿಲ್ಲದೆ ಆಗುವುದಿಲ್ಲ ಎಂದರು, ಹೌದು, ಆಗುವುದಿಲ್ಲ. ಹತ್ತೂವರೆ ಬಸ್ಸು ಗುಡ್ಡದ ಮೇಲಿಂದ ಕಂಡಿತು, ಹೋಯಿತು. ನಾಳೆ.

ಮಾರ್ಚ್ 31, ಸೋಮವಾರ

ಬೆಳಗ್ಗೆ ಐದೂಮುಕ್ಕಾಲಿಗೆ ಮಾವ ಹೋದರು. ನಾನು ನಡುಬೀದಿಯಲ್ಲಿದ್ದೆ, ನಾಲ್ಕೂವರೆ ಸುತ್ತು ತಿರುಗಿಸುತ್ತಿದ್ದೆ. ಇವರು ಓಡಿ ಬಂದು ಹೇಳಿದರು. ಕೀಲಿ ಬಿಡಲು ಆಗಲಿಲ್ಲ, ಬಿಟ್ಟರೆ ಕೊನೆ ಬೀದಿಗೆ ನೀರಿಲ್ಲ. ಮುಗಿಸಿಯೇ ಹೋದೆ. ನಮ್ಮದು ಮೊದಲು, ಟ್ಯಾಂಕ್ ಆಮೇಲೆ.

ಏಪ್ರಿಲ್ 4, ಶುಕ್ರವಾರ

ನೆಂಟರೆಲ್ಲ ಹೋದರು. ಗುಮಾಸ್ತರು ಬಂದು, ಕೆಲಸಕ್ಕೆ ಬೇರೆಯವರನ್ನು ನೋಡಲೇ ಎಂದರು. ಯಾಕೆ, ನನ್ನ ಕೆಲಸದಲ್ಲಿ ಏನು ಕಮ್ಮಿಯಾಗಿದೆ ಎಂದೆ. ಆಮೇಲೆ ಮೇಲಿನ ಬೀದಿ ನೆನಪಾಗಿ ನಾಲಿಗೆ ಕಚ್ಚಿಕೊಂಡೆ. ಹಳೇ ಪೈಪಿನ ಅರ್ಜಿ ಈ ಸಲ ನಾನು ಬರೆಯುತ್ತೇನೆ ಎಂದು ಹೇಳಿ ಕಳಿಸಿದೆ.

ಮಧ್ಯಾಹ್ನ ಇವರು ಗೋಡೆಗೊರಗಿ ಕೂತಿದ್ದರು. ನಾಲ್ಕು ದಿನವಾದರೂ ಕಣ್ಣಲ್ಲಿ ಹನಿ ನೀರಿಲ್ಲ. ಇದ್ದಕ್ಕಿದ್ದಂತೆ ಕೇಳಿದರು.

"ಶನಿವಾರ ನೀನೇ ತಾನೇ ಇದ್ದಿದ್ದು. ಅಪ್ಪ ಏನೂ ಅನ್ನಲೇ ಇಲ್ವಾ? ಒಂದ್ ಮಾತೂ?"

ಇಲ್ಲ ಎನ್ನೋಣ ಎಂದುಕೊಂಡೆ. ಆ ಮಾತು ನನ್ನದು. ಆರು ವರ್ಷ ಕಾದು, ಕೊನೆಗೆ ತೆಗೆದುಕೊಳ್ಳಲಾಗದೆ ಮಂಚದ ಮೇಲೇ ಬಿಟ್ಟು ಬಂದದ್ದು. ಇವರ ಮುಖ ನೋಡಿ ಸುಳ್ಳು ಹೇಳಲಾಗಲಿಲ್ಲ.

"ಅಂದ್ರು. ತಪ್ಪಾಯ್ತು ಅಂದ್ರು."

ಇವರು ಗೋಡೆ ಬಿಟ್ಟು ಮುಂದಕ್ಕೆ ಬಾಗಿದರು. ಆಮೇಲೆ ಮುಖ ಮುಚ್ಚಿಕೊಂಡು ಸಣ್ಣ ಮಗುವಿನ ಹಾಗೆ ಅತ್ತರು. ಅಳುತ್ತಲೇ ಏನೇನೋ ಹೇಳಿದರು. ಹತ್ತನೇ ಕ್ಲಾಸಿನಲ್ಲಿ ಊರಿಗೇ ಮೊದಲು ಬಂದದ್ದು, ಕಾಲೇಜಿಗೆ ಸೇರಿಸಿ ಎಂದದ್ದು, ಮಾವ ಆಗಲ್ಲಪ್ಪ ಎಂದು ಒಂದೇ ಮಾತಲ್ಲಿ ಮುಗಿಸಿ ಪ್ರೆಸ್ಸಿಗೆ ಕಳಿಸಿದ್ದು. ಇಪ್ಪತ್ತೆರಡು ವರ್ಷ. ನನಗೆ ಇದ್ಯಾವುದೂ ಗೊತ್ತಿರಲಿಲ್ಲ, ಒಂದೇ ಮನೆಯಲ್ಲಿದ್ದೂ.

"ನೆನಪಿತ್ತು ಕಣೇ ಅಪ್ಪಂಗೆ. ನನ್ನನ್ನ ನೆನಪಿಟ್ಕೊಂಡಿದ್ರು ನೋಡು" ಎಂದರು.

ಹೌದು ಎಂದೆ.